ಸಾಹೇಬನ ಹಂಡೆ, ಅಪ್ಪನ ಮರ

ಸಯನ್, ಬೊಂಬಾಯಿ
6-9-1987

ಅಪ್ಪನಿಗೆ ಸೇವಂತಿ ಬರೆಯುವುದು.

ಅಕ್ಷರ ಕೋಳಿ ಕೆದಕಿದ ಹಾಗಿದೆ, ತಪ್ಪುಗಳೂ ಇರಬಹುದು, ಬೈಯಬೇಡಿ. ನಾಲ್ಕನೇ ಕ್ಲಾಸು ಬಿಟ್ಟ ಮೇಲೆ ಪೆನ್ನು ಹಿಡಿದದ್ದು ಈ ಊರಿಗೆ ಬಂದ ನಂತರವೇ. ಎದುರಿಗೆ ಯಾರಾದರೂ ನಿಂತರೆ ನನ್ನ ಬಾಯಿಂದ ಒಂದು ಮಾತು ಹೊರಡುವುದಿಲ್ಲ ಎಂದು ನೀವೇ ಹೇಳುತ್ತಿದ್ದಿರಿ. ಕಾಗದ ನನ್ನ ಮುಖ ನೋಡುವುದಿಲ್ಲ, ಆದ್ದರಿಂದ ಇದರಲ್ಲಿ ಧೈರ್ಯ ಬರುತ್ತದೆ.

ಅಕ್ಕು ಚಿಕ್ಕಮ್ಮ ಹೇಳಿದ ಮನೆಯಲ್ಲಿ ಅಡುಗೆ ಕೆಲಸಕ್ಕೆ ಸೇರಿದ್ದೇನೆ. ಬೆಳಿಗ್ಗೆ ವಡಾಲದ ಚಾಳಿನಿಂದ ಬಸ್ಸಿನಲ್ಲಿ ಬರುತ್ತೇನೆ, ಸಂಜೆ ವಾಪಸು. ಸಾಹೇಬನ ಹೆಸರು ಓಲಾವ್. ನಾರ್ವೆ ಎಂಬ ದೇಶದವನು, ಬಂದರಿನಲ್ಲಿ ಹಡಗಿನ ಇಂಜಿನು ಪರೀಕ್ಷೆ ಮಾಡುತ್ತಾನೆ. ಹೆಂಡತಿ ಈ ಊರಿನ ಸೆಕೆ ತಾಳದೆ ವಾಪಸು ಹೋದಳಂತೆ. ನನಗೆ ಬೇರೆಯೇ ಕಾರಣ ಕಾಣುತ್ತದೆ. ಕೇಳಿ.

ಈ ಮನುಷ್ಯ ಮನೆಯಲ್ಲೇ ಬಿಯರ್ ಮಾಡುತ್ತಾನೆ. ಅಂಗಡಿಯಲ್ಲಿ ಬಾಟಲಿಗಟ್ಟಲೆ ಸಿಗುವಾಗ ಇವನಿಗೆ ಮನೆಯದೇ ಬೇಕು. ಅವನ ಅಜ್ಜ ಹೊಲದ ಮನೆಯಲ್ಲಿ ಮಾಡುತ್ತಿದ್ದನಂತೆ, ಆ ಅಜ್ಜನ ಅಜ್ಜನೂ ಅಂತೆ. ಬಾರ್ಲಿಯನ್ನು ನೆನೆಸಿ, ಬಚ್ಚಲಿನಲ್ಲಿ ಗೋಣಿಯ ಮೇಲೆ ಮೊಳಕೆ ಬರಿಸಿ, ಟೆರೇಸಿನಲ್ಲಿ ಒಣಗಿಸುವುದು. ಕಾಗೆ ಓಡಿಸುವ ಕೆಲಸ ನನಗೆ. ಕೆಳಗಿನ ಮನೆಯ ರಮಾಮಣಿಯಮ್ಮ ಮೈಸೂರಿನ ಕಡೆಯವರು. “ಏನಮ್ಮ, ಅರಳು ಸಂಡಿಗೆನಾ?” ಎಂದು ಕೇಳಿದರು. ಹೌದು ಎಂದು ತಲೆಯಾಡಿಸಿದೆ. ಇನ್ನೇನು ಹೇಳಲಿ?

ಆಮೇಲೆ ಜುನಿಪರ್ ಎಂಬ ಗಿಡದ ಟೊಂಗೆಗಳು. ಗೆಳೆಯರು ಹಡಗಿನಲ್ಲಿ ಪೆಟ್ಟಿಗೆ ಕಟ್ಟಿ ಕಳಿಸುತ್ತಾರೆ. ನಮ್ಮ ಗಾಳಿಮರದ ಎಲೆಯ ಹಾಗೆ, ಆದರೆ ಸೂಜಿಯಂತೆ ಚುಚ್ಚುತ್ತದೆ. ಅದನ್ನು ನೀರಿಗೆ ಹಾಕಿ ಕುದಿಸಿದರೆ ಧೂಪ ಮತ್ತು ಪೇಂಟಿನ ಅಂಗಡಿ ಸೇರಿದ ವಾಸನೆ. ದೊಡ್ಡ ಹಂಡೆಯ ತಳಕ್ಕೂ ಅದೇ ಟೊಂಗೆ ಹಾಸಿ, ಮೇಲೆ ಬಾರ್ಲಿ ಹಾಕಿ, ಆ ನೀರು ಸುರಿದು ಸೋಸುತ್ತಾನೆ. ಅಮಲು ಬರಿಸುವ ಹೆಪ್ಪು ಇರುವುದು ಒಂದು ಮರದ ಬಳೆಯಲ್ಲಿ. ಒಣಗಿದ ಕೆಸರು ಮೆತ್ತಿಕೊಂಡು ನೋಡಲು ಅಸಹ್ಯ. ಅದನ್ನು ಅದ್ದುವಾಗ ಸಾಹೇಬ ಹಂಡೆಯೊಳಗೆ ತಲೆ ಹಾಕಿ ಕಿರುಚುತ್ತಾನೆ! ಎಷ್ಟು ಜೋರಾಗಿ ಕಿರುಚಿದರೆ ಅಷ್ಟು ಅಮಲಂತೆ. ಮೊದಲ ಸಲ ನಾನು ಸೌಟು ಬಿಟ್ಟು ಬಾಗಿಲಿಗೆ ಓಡಿದೆ. ಡ್ರೈವರ್ ಶೆಟ್ಟೆಪ್ಪ ಧಾರವಾಡದ ಕಡೆಯವನು. ಮೆಟ್ಟಿಲಲ್ಲಿ ಕೂತು ನಗುತ್ತಿದ್ದ. “ಹೆದರಬ್ಯಾಡಬೇ ತಂಗಿ. ಹೆಂಡ್ತಿ ಓಡಿಹೋದ್ಲು, ಈಗ ಹಂಡೇದ ಜೋಡಿ ಜಗಳಾಡ್ತಾನ” ಎಂದ.

ಅಷ್ಟೆಲ್ಲ ಮಾಡಿಯೂ ಸೆಕೆಗೆ ಅದು ಹುಳಿಯಾಯಿತು. ಮೋರಿಗೆ ಚೆಲ್ಲಿ, ಇಷ್ಟು ದೊಡ್ಡ ಗಂಡಸು ಅಡುಗೆಮನೆಯ ನೆಲದಲ್ಲಿ ತಲೆ ಹಿಡಿದು ಕೂತ. ನನಗೆ ಕರುಣೆ ಬರಲಿಲ್ಲ. ನೆಲ ಒರೆಸಬೇಕಿತ್ತು, ಏಳಲಿ ಎಂದು ಕಾದೆ.

ಹುಳಿಯಾಗದಂತೆ ಏನಾದರೂ ಉಪಾಯ ಇದ್ದರೆ ಬರೆಯಿರಿ. ಅವನ ಮೇಲಿನ ಪ್ರೀತಿಗಲ್ಲ. ಆ ವಾಸನೆಯ ಹಂಡೆ ಉಜ್ಜಿ ಸಾಕಾಗಿದೆ.

ಸೇವಂತಿ

—

ಬೆಳ್ಮಣ್ಣು
21-9-1987

ಮಗಳು ಸೇವಂತಿಗೆ ಪೂವಪ್ಪ ಬರೆದದ್ದು.

ಕಾಗದ ಓದಿ ಮೊದಲು ನಗೆ ಬಂತು, ಆಮೇಲೆ ಸಿಟ್ಟು. ಬಾರ್ಲಿ ಬೇಯಿಸಿದರೆ ಗಂಜಿ. ಸೊಪ್ಪು ಹಾಕಿದರೆ ಕಷಾಯ. ಅದು ಕೊಳೆತರೆ ಹಂದಿಗೆ ಸುರಿಯುವುದು. ಅದಕ್ಕೆ ಹೆಸರು ಬೇರೆ ಕೇಡು. ಕಳ್ಳು ಎಂಬುದು ಮರ ಕೊಡುವುದು, ಮನುಷ್ಯ ಮಾಡುವುದಲ್ಲ. ಮರದ ಹೊಂಬಾಳೆಗೆ ಮಡಕೆ ಕಟ್ಟಿ ಇಳಿಸಿಕೊಳ್ಳುವವನು ಕಿರುಚುವುದಿಲ್ಲ ಮಾರಾಯ್ತಿ, ಉಸಿರು ಬೇಕಾಗುತ್ತದೆ ಅವನಿಗೆ. ನನ್ನ ಮರ ನಾನು ಕೆತ್ತಲು ಸರ್ಕಾರದ ಪರವಾನಗಿ ತೋರಿಸಬೇಕು. ಬಿಳಿಯನ ಬಚ್ಚಲಿಗೆ ಯಾವ ಪರವಾನಗಿ?

ದೂಜನಿಗೆ ಹೇಳಿದೆ. ಗೊತ್ತಲ್ಲ, ಪಕ್ಕದ ಮನೆಯವನು, ನಾನು ಯಾವಾಗ ಬೀಳುತ್ತೇನೆ, ನನ್ನ ಮರ ಯಾವಾಗ ತನಗೆ ಸಿಗುತ್ತದೆ ಎಂದು ಕಾಯುತ್ತಿರುವವನು. “ಪೂವಪ್ಪಣ್ಣ, ಸಾಹೇಬನನ್ನು ಕರೆಸಿ, ತಾಳೆಮರದ ಬುಡದಲ್ಲಿ ನಿಲ್ಲಿಸಿ ಕಿರುಚಿಸುವ. ಕಳ್ಳು ತಾನೇ ಇಳಿದು ಬರಲಿ” ಎಂದ. ಅಪರೂಪಕ್ಕೆ ಬುದ್ಧಿಯ ಮಾತು.

ಹುಳಿಯಾಗಬಾರದೆಂದರೆ ಪಾತ್ರೆಯ ಒಳಗೆ ಸುಣ್ಣ ಬಳಿ. ತಾಳೆಬೆಲ್ಲಕ್ಕೆ ಸಿಹಿರಸ ಇಳಿಸುವ ಮಡಕೆಗೆ ನಾವು ಬಳಿಯುವುದಿಲ್ಲವೇ, ಹಾಗೆ. ದಪ್ಪಗೆ ಬಳಿ. ಸುಣ್ಣ ಕೆಳಗೆ ಕೂತ ಮೇಲೆ ತಿಳಿ ಬಸಿದುಕೋ. ಮಗು ಕೂಡ ಕುಡಿಯಬಹುದು.

ನಾನು ಚೆನ್ನಾಗಿದ್ದೇನೆ. ಎರಡು ಹೊತ್ತೂ ಮರ ಹತ್ತುತ್ತೇನೆ.

ಪೂವಪ್ಪ

—

ವಡಾಲ
18-10-1987

ಅಪ್ಪನಿಗೆ,

ಈ ಸಲ ಬೇರೆ ಸುದ್ದಿ. ಅಕ್ಕು ಚಿಕ್ಕಮ್ಮ ನನಗೊಂದು ಸಂಬಂಧ ನೋಡಿದ್ದಾಳೆ. ಹುಡುಗನ ಹೆಸರು ಚೆನ್ನಯ. ಘಾಟ್ಕೋಪರಿನಲ್ಲಿ ಮನೆ, ಇಲ್ಲೇ ವಡಾಲದಲ್ಲಿ ಬಂದರಿನ ಸಾಮಾನು ಬಿಡಿಸಿಕೊಡುವ ಆಫೀಸಿನಲ್ಲಿ ಗುಮಾಸ್ತ. ನಮ್ಮವರೇ. ತಾಯಿ ಚಂಪಕ್ಕ ಹೋದ ಭಾನುವಾರ ಬಂದು ನನ್ನನ್ನು ನೋಡಿದಳು. ನೋಡಿದಳು ಎಂದರೆ, ಮೀನು ಮಾರ್ಕೆಟ್ಟಿನಲ್ಲಿ ಕಿವಿರು ಎತ್ತಿ ನೋಡುವ ಹಾಗೆ.

“ಮಾತಾಡುವುದಿಲ್ಲವಾ ಹುಡುಗಿ?”

“ಸಂಕೋಚ” ಎಂದಳು ಚಿಕ್ಕಮ್ಮ.

“ಅಚ್ಛಾ ಹೈ. ಮಾತಾಡುವವಳು ಒಬ್ಬಳಿದ್ದರೆ ಸಾಕು ಮನೆಗೆ. ಅಪ್ಪ ಏನು ಮಾಡುವುದು ಊರಲ್ಲಿ?”

“ಕೃಷಿ” ಎಂದಳು ಚಿಕ್ಕಮ್ಮ.

ನಾನು ಚಹಾದ ಲೋಟ ನೋಡುತ್ತಿದ್ದೆ. ಚಂಪಕ್ಕ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. “ಸಾಕಪ್ಪ. ನಮ್ಮ ಜನ ಆ ಮಡಕೆ ಕತ್ತಿ ಬಿಟ್ಟ ಮೇಲೆಯೇ ಮನುಷ್ಯರಾದದ್ದು. ಇನ್ನೂ ಮರ ಹತ್ತುವ ಮನೆಯಿಂದ ಹೆಣ್ಣು ತಂದರೆ ಸೊಸೈಟಿಯಲ್ಲಿ ಮುಖ ಎತ್ತುವುದು ಹೇಗೆ?” ಎಂದಳು. ಅವಳ ಗಂಡನ ಅಪ್ಪ ಮೂಲ್ಕಿಯಲ್ಲಿ ಮೂರ್ತೆ ಮಾಡಿ ಕಳ್ಳು ಇಳಿಸುತ್ತಿದ್ದವನೇ ಎಂದು ಚಿಕ್ಕಮ್ಮ ಆಮೇಲೆ ಹೇಳಿದಳು.

ಚೆನ್ನಯನನ್ನೂ ಕಂಡೆ. ಕೂದಲಿಗೆ ಎಣ್ಣೆ, ಜೇಬಿಗೆ ಎರಡು ಪೆನ್ನು. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, “ನಿಮ್ಮ ಸಾಹೇಬರಿಗೆ ಹಡಗಿನ ಕಂಪನಿಯವರ ಗುರುತು ಇದೆಯಾ?”

ಅಪ್ಪಾ, ನಿಮಗೆ ಗೊತ್ತು, ಇದಲ್ಲದಿದ್ದರೆ ಇನ್ನೊಂದು ಬರುವುದು ಕಷ್ಟ. ಚಿಕ್ಕಮ್ಮನ ಒಂದು ಕೋಣೆಯಲ್ಲಿ ನಾನು ಎಷ್ಟು ದಿನ ಇರಲಿ? ಮಕರ ಸಂಕ್ರಾಂತಿ ಕಳೆದು ನಿಶ್ಚಯ ಎನ್ನುತ್ತಿದ್ದಾರೆ. ನೀವು ಬರಬೇಕು. ಬರುವಾಗ ತುಂಬುತೋಳಿನ ಅಂಗಿ ಹಾಕಿಕೊಳ್ಳಿ, ಕತ್ತಿನ ಗುಂಡಿಯನ್ನೂ ಹಾಕಿ. ಎದೆ ಮತ್ತು ತೋಳಿನ ಮೇಲೆ ಮರ ತಬ್ಬಿ ಆದ ಕಪ್ಪು ಜಡ್ಡು ಕಾಣಬಾರದು. ಚಪ್ಪಲಿ ಬಿಚ್ಚಬೇಡಿ. ಕೇಳಿದರೆ ಕೃಷಿ ಎನ್ನಿ.

ಇದನ್ನು ಬರೆಯಲು ನನಗೆ ಹಿತವೇನೂ ಇಲ್ಲ.

ಸೇವಂತಿ

—

ಬೆಳ್ಮಣ್ಣು
3-11-1987

ಸೇವಂತಿಗೆ,

ಸಂಬಂಧ ಒಳ್ಳೆಯದೇ. ಮಾಡಿಕೋ.

ನಾನು ಬರುವುದಿಲ್ಲ. ಇಲ್ಲಿ ಕೆಲಸ ಇದೆ. ಅಂಗಿಯೂ ಇಲ್ಲ.

ಪೂವಪ್ಪ

—

ಸಯನ್
27-12-1987

ಅಪ್ಪನಿಗೆ,

ನಿಮ್ಮ ಕಾಗದಕ್ಕೆ ಉತ್ತರ ಬರೆಯಬಾರದು ಎಂದೇ ಇಷ್ಟು ದಿನ ಸುಮ್ಮನಿದ್ದೆ. ಮಗಳ ನಿಶ್ಚಯಕ್ಕಿಂತ ನಿಮಗೆ ಮರವೇ ಹೆಚ್ಚಾಯಿತು. ಸರಿ, ಮರವನ್ನೇ ಕೂರಿಸಿಕೊಂಡು ಮಾತಾಡಿ. ಚಿಕ್ಕಮ್ಮ ಅವರಿಗೆಲ್ಲ ಅಪ್ಪನಿಗೆ ಗದ್ದೆಯ ಕೆಲಸ, ಬರಲಾಗುವುದಿಲ್ಲ ಎಂದು ಹೇಳಿದ್ದಾಳೆ.

ಸಾಹೇಬನಿಗೆ ನನ್ನ ನಿಶ್ಚಯದ ವಿಷಯ ಶೆಟ್ಟೆಪ್ಪ ಹೇಳಿಬಿಟ್ಟ. ಸಾಹೇಬ ತನ್ನ ಮುರುಕು ಹಿಂದಿಯಲ್ಲಿ, ತನ್ನ ಊರಿನಲ್ಲಿ ಮದುವೆಯ ಮಾತು ಆಡುವ ದಿನ ಹೆಣ್ಣಿನ ಮನೆಯವರು ಬಿಯರ್ ಮಾಡಿ ಕೊಡಲೇಬೇಕು, ಇಲ್ಲದಿದ್ದರೆ ಮಾತು ಗಟ್ಟಿಯಾಗುವುದಿಲ್ಲ ಎಂದ. “ನಿನ್ನ ಅಪ್ಪ ಏನು ಮಾಡುತ್ತಾನೆ?” ಎಂದು ಕೇಳಿದ. ನಾನು ಕಿಟಕಿಯಿಂದ ಕಾಣುವ ತೆಂಗಿನಮರ ತೋರಿಸಿ, ಹತ್ತುವ ಹಾಗೆ ಕೈ ಆಡಿಸಿದೆ, ಮಡಕೆಯಿಂದ ಕುಡಿಯುವ ಹಾಗೆಯೂ ತೋರಿಸಿದೆ. ಅವನ ಮುಂದೆ ನನಗೆ ನಾಚಿಕೆ ಬರುವುದಿಲ್ಲ. ಬೆಕ್ಕು ನೋಡುತ್ತಿದೆ ಎಂದು ಯಾರಾದರೂ ಸೆರಗು ಸರಿಮಾಡಿಕೊಳ್ಳುತ್ತಾರೆಯೇ? ಅವನು ಮೇಜು ಗುದ್ದಿ ಸಂತೋಷಪಟ್ಟ. “ಅಪ್ಪ ದೂರ ಇದ್ದಾನೆ, ಅವನ ಬದಲು ನಾನು ಮಾಡುತ್ತೇನೆ” ಎಂದ. ಉಳಿದ ಜುನಿಪರ್ ಅಷ್ಟನ್ನೂ ಇದಕ್ಕೇ ಹಾಕುತ್ತಾನಂತೆ. ಚಾಳಿನ ಕೋಣೆ ಸಣ್ಣದು, ತನ್ನ ಹಾಲಿನಲ್ಲೇ ಸೇರಲಿ ಎಂದೂ ಹೇಳಿದ.

ಈ ಮಾತು ಕೇಳಿ ಚೆನ್ನಯ ಹಿಗ್ಗಿ ಕುಣಿದ. ಕಳ್ಳಿನ ಹೆಸರೆತ್ತಿದರೆ ಮೂಗು ಮುಚ್ಚುವವನು ಸಾಹೇಬನ ಕೈಯ ಬಿಯರ್ ಎಂದರೆ ಹೊಸ ಪ್ಯಾಂಟು ಹೊಲಿಸಲು ಹೋದ. ಅವನ ತಾಯಿ ಇಡೀ ಸೊಸೈಟಿಗೆ ಹೇಳಿಕೊಂಡು ಬಂದಿದ್ದಾಳೆ.

ಹಂಡೆ ಇಳಿಸಿ ಹೆಪ್ಪು ಅದ್ದಿದ ಕೂಡಲೇ ಸಾಹೇಬ ಗೋವೆಗೆ ಹೋಗುತ್ತಾನೆ, ಅಲ್ಲಿ ಯಾವುದೋ ಹಡಗು ಕೆಟ್ಟಿದೆ. ನಿಶ್ಚಯದ ದಿನವೇ ವಾಪಸು. ಬಸಿದು ಬಾಟಲಿಗೆ ತುಂಬುವುದು ನನ್ನ ಕೆಲಸ. ಹುಳಿಯಾದರೆ ಅವರೆಲ್ಲರ ಮುಂದೆ ನನ್ನ ಮಾನ ಹೋಗುತ್ತದೆ. ಅದಕ್ಕೆ ಪಾನ್ ಅಂಗಡಿಯಿಂದ ಸುಣ್ಣ ತಂದಿಟ್ಟಿದ್ದೇನೆ. ಅವನು ಹೊರಟ ಕೂಡಲೇ ಇನ್ನೊಂದು ಹಂಡೆಗೆ ದಪ್ಪಗೆ ಬಳಿದು ಅದಕ್ಕೆ ಬಗ್ಗಿಸುತ್ತೇನೆ. ನೋಡಿ, ನಿಮ್ಮ ಮಾತು ನಾನು ಕೇಳುತ್ತೇನೆ.

ಸೇವಂತಿ

—

ವಡಾಲ
25-1-1988

ಅಪ್ಪನಿಗೆ,

ನಿಶ್ಚಯ ಆಗಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಹೇಗೆ ಎಂದು ಆಮೇಲೆ ಓದಿ.

ಚಂಪಕ್ಕ, ಚೆನ್ನಯ, ಅವರ ಕಡೆಯ ಇಬ್ಬರು ಹಿರಿಯರು ಹೇಳಿದ ಹೊತ್ತಿಗಿಂತ ಮೊದಲೇ ಬಂದರು. ಸಾಹೇಬ ಇನ್ನೂ ಬಂದಿರಲಿಲ್ಲ. ಅವರ ಕಣ್ಣೆಲ್ಲ ಬಾಟಲಿಯ ಮೇಲೆ. ಚಿಕ್ಕಮ್ಮ, “ಸುರಿಯೇ, ಸಾಹೇಬರು ಬರುವಷ್ಟರಲ್ಲಿ ಒಂದೊಂದು ಗ್ಲಾಸು ಆಗಲಿ” ಎಂದಳು.

ಸುರಿಯುವಾಗಲೇ ನನಗೆ ಗೊತ್ತಾಯಿತು. ನೊರೆ ಇಲ್ಲ, ಗುಳ್ಳೆ ಇಲ್ಲ. ಅಡುಗೆಮನೆಗೆ ಹೋಗಿ ಒಂದು ಗುಟುಕು ನೋಡಿದೆ. ಬೆಲ್ಲದ ನೀರಿನಂಥ ಸಿಹಿ, ಹಿಂದಿನಿಂದ ಜುನಿಪರ್, ಅದರ ಹಿಂದೆ ಸುಣ್ಣ. ಅಪ್ಪಾ, ಅದರಲ್ಲಿ ಒಂದು ಹನಿ ಅಮಲಿರಲಿಲ್ಲ. ಕಳ್ಳಿನ ಮನೆಯಲ್ಲಿ ಹುಟ್ಟಿದ ನನಗೆ ಇದನ್ನು ತಿಳಿಯಲು ಸಾಹೇಬ ಬೇಕೇ? ಹೆಪ್ಪನ್ನು ಸುಣ್ಣ ಕೊಂದಿತ್ತು. ಹುಳಿಯಾಗಬಾರದೆಂದು ನೀವು ಹೇಳಿದಿರಿ, ಹುಳಿಯಾಗಲಿಲ್ಲ. ಅಮಲೂ ಆಗಲಿಲ್ಲ. ಇಷ್ಟು ನನಗೆ ಮೊದಲೇ ಹೊಳೆಯಬೇಕಿತ್ತು. ಬೆಲ್ಲದ ಮಡಕೆಗೆ ತಾನೇ ನಾವು ಬಳಿಯುವುದು, ಕಳ್ಳಿನದಕ್ಕಲ್ಲವಲ್ಲ!

ಹೊರಗೆ ಬಂದರೆ ಅಲ್ಲಿ ಬೇರೆಯೇ ಆಟ ನಡೆದಿತ್ತು.

“ಆಹಾ! ಏಕದಮ್ ಸ್ಟ್ರಾಂಗ್” ಎಂದ ಚೆನ್ನಯ. “ಫಾರಿನ್ ಅಂದರೆ ಫಾರಿನ್. ಗಂಟಲಲ್ಲಿ ಇಳಿಯುವಾಗಲೇ ಗೊತ್ತಾಗುತ್ತದೆ.”

“ನನಗೆ ಒಂದೇ ಗುಟುಕಿಗೆ ತಲೆ ಗಿರ್ ಅಂತಿದೆ” ಎಂದಳು ಚಂಪಕ್ಕ, ಹಣೆ ಹಿಡಿದುಕೊಂಡು. “ಹುಡುಗಿ, ಇನ್ನು ಅರ್ಧ ಗ್ಲಾಸು. ಅರ್ಧವೇ.”

ಒಬ್ಬ ಹಿರಿಯರು ನಾಲಗೆ ತೊದಲಿಸಿ ಮಾತಾಡತೊಡಗಿದರು. ಇನ್ನೊಬ್ಬರು ಕಾರಣವಿಲ್ಲದೆ ನಕ್ಕರು. ಚೆನ್ನಯ ಎದ್ದು, ಕುರ್ಚಿಯ ಬೆನ್ನು ಹಿಡಿದು, ವಾಲಿದ. ನಿಜವಾಗಿ ವಾಲಿದ! “ನಮ್ಮ ಊರಿನ ಆ ಹೊಲಸು ಎಲ್ಲಿ, ಇದೆಲ್ಲಿ! ಇದು ಜಂಟಲ್‌ಮನ್ ಅಮಲು” ಎಂದ. ನಾನು ಟ್ರೇ ಹಿಡಿದು ನಿಂತಿದ್ದೆ. ನಗು ಬರಬೇಕಿತ್ತು, ಬರಲಿಲ್ಲ. ಮಕ್ಕಳಿಗೆ ಕುಡಿಸಬಹುದಾದ ನೀರು ಕುಡಿದು ವಾಲುವವರ ಮುಂದೆ, ನಿಮ್ಮ ಎದೆಯ ಗುಂಡಿ ಹಾಕಿಸಲು ಹೊರಟಿದ್ದೆನಲ್ಲ ಎಂದುಕೊಂಡು ಟ್ರೇಯನ್ನು ಮೇಜಿನ ಮೇಲೆ ಕುಕ್ಕಿದೆ.

ಅಷ್ಟರಲ್ಲಿ ಸಾಹೇಬ ಬಂದ. ಸ್ಟೇಷನ್ನಿನಿಂದ ನೇರ, ಪೆಟ್ಟಿಗೆಯನ್ನೂ ಇಡದೆ ಗ್ಲಾಸು ಎತ್ತಿದ. ಎಲ್ಲರೂ ಎದ್ದು ನಿಂತರು. ಅವನು ಕುಡಿದ, ನಿಂತ, ಸಿಂಕಿಗೆ ಹೋಗಿ ಉಗಿದ. “ಮರ್ ಗಯಾ”, ಸತ್ತುಹೋಗಿದೆ ಎಂದ. ಹಂಡೆಯ ಹತ್ತಿರ ಹೋಗಿ ಒಳಗೆ ಬೆರಳಾಡಿಸಿದ, ಬಿಳಿ ಬಂತು. “ಇದು ಯಾರ ಕೆಲಸ?”

ನಾನು, ಎಂದೆ. ಸುಣ್ಣ, ಎಂದೆ. ಅಪ್ಪ ಹೇಳಿದರು, ಎಂದೆ.

“ಅಪ್ಪ? ಮರದ ಅಪ್ಪ?” ಎಂದು ಅವನು ಅಂದು ನಾನು ತೋರಿಸಿದ ಹಾಗೆಯೇ ಕೈಯಿಂದ ಹತ್ತಿ, ಮಡಕೆ ಬಾಯಿಗೆತ್ತಿ ತೋರಿಸಿದ.

ಚಂಪಕ್ಕನ ಕೈ ಹಣೆಯಿಂದ ಇಳಿಯಿತು. “ಯಾವ ಮರ?”

“ತೆಂಗಿನ ತೋಟ ಇದೆಯಲ್ಲ ಭಾವನಿಗೆ, ಕಾಯಿ ಕೀಳುವುದು” ಎಂದಳು ಚಿಕ್ಕಮ್ಮ. ನನ್ನ ಸೊಂಟ ಚಿವುಟಿದಳು. “ಹೇಳೇ, ಕೃಷಿ ಎಂದು ಹೇಳು.”

ಹೌದು ಎಂದು ತಲೆಯಾಡಿಸಿದರೆ ಸಾಕಿತ್ತು. ಅದು ನನಗೆ ಚೆನ್ನಾಗಿ ಬರುವ ಕೆಲಸ. ಎಲ್ಲರೂ ನನ್ನ ತಲೆ ಅಲ್ಲಾಡುವುದನ್ನೇ ಕಾಯುತ್ತಿದ್ದರು.

“ನನ್ನ ಅಪ್ಪ ಮೂರ್ತೆ ಮಾಡುವವರು” ಎಂದೆ. “ದಿನಾ ಎರಡು ಹೊತ್ತು ಹತ್ತುತ್ತಾರೆ. ತಾಳೆ, ತೆಂಗು ಎರಡೂ. ಅಂಗಿ ಹಾಕುವುದಿಲ್ಲ.” ಆಮೇಲೆ ಚೆನ್ನಯನ ಕಡೆ ತಿರುಗಿ, “ನೀವು ನೆಟ್ಟಗೆ ನಿಲ್ಲಬಹುದು. ಇದರಲ್ಲಿ ಅಮಲಿಲ್ಲ” ಎಂದೆ.

ಅವನು ನೆಟ್ಟಗೆ ನಿಂತ. ಅಷ್ಟು ಬೇಗ ಅಮಲಿಳಿದವನನ್ನು ನೀವೂ ಕಂಡಿರಲಾರಿರಿ. ಚಂಪಕ್ಕ ತಂದ ತೆಂಗಿನಕಾಯಿ, ಹೂವು ಎಲ್ಲವನ್ನೂ ಚೀಲಕ್ಕೆ ವಾಪಸು ತುಂಬಿದಳು. “ಹೆಂಡದವರ ಬುದ್ಧಿ. ಮೋಸ” ಎಂದಳು. ಚೆನ್ನಯ ಹೋಗುವಾಗಲೂ ಸಾಹೇಬನಿಗೆ ಕೈ ಮುಗಿದು, “ಸರ್, ಹಡಗಿನ ವಿಷಯ” ಎಂದ. ಸಾಹೇಬ ಬಾಗಿಲು ಹಾಕಿದ.

ಸಾಹೇಬ ನನ್ನ ಕಡೆಯವನಾದ ಎಂದುಕೊಳ್ಳಬೇಡಿ. ನನ್ನ ಮದುವೆ ಮುರಿದದ್ದು ಅವನ ತಲೆಗೆ ಹೋಗಲೇ ಇಲ್ಲ. ಜುನಿಪರ್ ಹಾಳಾಯಿತು ಎಂದು ಕೂಗಾಡಿದ, ಆಮೇಲೆ ಬೆಂದ ಟೊಂಗೆ ಹಿಡಿದು ಕೂತ. ಟೊಂಗೆಗಾಗಿ ಅಳುವ ಗಂಡಸು. ಚಿಕ್ಕಮ್ಮ ಆವತ್ತಿನಿಂದ ಮಾತಾಡುತ್ತಿಲ್ಲ. ಶೆಟ್ಟೆಪ್ಪ ಮಾತ್ರ, “ತಂಗಿ, ನಿನ್ನ ಬಾಯಾಗ ನಾಲಗಿ ಐತಿ ಅಂತ ನನಗ ಇವತ್ತ ಗೊತ್ತಾತು” ಎಂದ.

ಅಂಗಿಯ ಮಾತು ಬರೆದಿದ್ದೆನಲ್ಲ, ಅದನ್ನು ಓದಿಯೇ ನೀವು ಬರಲಿಲ್ಲ ಎಂದು ಈಗ ತಿಳಿಯುತ್ತದೆ. ಈಗ ಬರುವ ಅಗತ್ಯವಿಲ್ಲ. ನಿಮ್ಮ ಮರ ನಿಮಗಿರಲಿ.

ಸೇವಂತಿ

—

ಬೆಳ್ಮಣ್ಣು
8-2-1988

ಸೇವಂತಿಗೆ,

ಹುಚ್ಚಿ. ಹುಳಿಯಾಗಬಾರದು ಎಂದು ಕೇಳಿದಿ, ಅದಕ್ಕೆ ಸುಣ್ಣ ಹೇಳಿದೆ. ಅಮಲು ಬೇಕು ಎಂದು ಎಲ್ಲಿ ಬರೆದಿದ್ದಿ? ಬಿಳಿಯನ ಕಷಾಯಕ್ಕೆ ಅಮಲು ಬರುತ್ತದೆ ಎಂದು ನಾನು ನಂಬಿರಲೇ ಇಲ್ಲ.

ಅದು ಹಾಳಾಗಿ ಹೋಗಲಿ. ನಾನು ಅಂಗಿಗೆ ಸಿಟ್ಟಾಗಿ ಬಾರದೇ ಇದ್ದದ್ದಲ್ಲ. ಅಂಗಿಯ ಮಾತಿನ ಆ ಕಾಗದ ಬಂದ ವಾರವೇ ಮರಗಳನ್ನೆಲ್ಲ ದೂಜನಿಗೆ ಬಿಟ್ಟುಕೊಟ್ಟೆ. ಕತ್ತಿಯನ್ನೂ ಕೊಟ್ಟೆ. ಬೈಲಿನ ತುಂಡು ಗದ್ದೆ ಗೇಣಿಗೆ ಹಿಡಿದು ಸುಗ್ಗಿ ಬೆಳೆ ನೆಟ್ಟೆ. ನನ್ನ ಮಗಳ ಕಡೆಯಿಂದ ಕೃಷಿ ಎಂದು ಹೇಳಿ ಆಗಿದೆ, ಅವಳು ಸುಳ್ಳಿಯಾಗಬಾರದು ಎಂದು. ನಿಶ್ಚಯದ ದಿನ ಪೈರಿಗೆ ನೀರು ಬಿಡುತ್ತಾ ಇದ್ದೆ.

ಈಗ ನೋಡು. ನೀನು ಅಪ್ಪ ಮೂರ್ತೆಯವನು ಎಂದು ಎದೆ ಸೆಟೆಸಿ ಹೇಳಿದಿ, ಅಂದು ನಾನು ಮೂರ್ತೆಯವನಾಗಿರಲಿಲ್ಲ. ನಿಜ ಹೇಳಲು ಹೋಗಿಯೇ ಸುಳ್ಳಿಯಾದೆ. ನಿನ್ನ ಚಿಕ್ಕಮ್ಮ ಸುಳ್ಳು ಹೇಳಿ ನಿಜದವಳಾದಳು. ಇಂಥ ತಮಾಷೆ ದೂಜನಿಗೂ ಹೊಳೆಯಲಿಕ್ಕಿಲ್ಲ.

ಗದ್ದೆ ಕೆಲಸ ಕೆಲಸವಲ್ಲ. ಬಗ್ಗಿ ನಿಂತು ತನ್ನ ಪಾದ ನೋಡುತ್ತಾ ಇರುವುದು. ನಾನು ಮೀಸೆ ಬಂದಾಗಿನಿಂದ ಈ ಊರನ್ನು ಮೇಲಿನಿಂದ ನೋಡಿದವನು. ಯಾರ ಅಂಗಳದಲ್ಲಿ ಯಾರಿದ್ದಾರೆ, ಮಳೆ ಯಾವ ಕಡೆಯಿಂದ ಬರುತ್ತದೆ, ಎಲ್ಲ ಮೊದಲು ನನಗೆ ಕಾಣುತ್ತಿತ್ತು. ಈಗ ಏಡಿ ಕಾಣುತ್ತದೆ. ದೂಜ ಬೆಳಿಗ್ಗೆ ನನ್ನ ಮರದ ತುದಿಯಿಂದ “ಓ ಧಣಿ, ಬೆಳೆ ಹೇಗಿದೆ?” ಎಂದು ಕೂಗುತ್ತಾನೆ. ಅವನ ಬಳಿ ಹೋಗಿ ವಾಪಸು ಕೊಡು ಎಂದು ಕೇಳುವವನು ನಾನಲ್ಲ.

ಪೂವಪ್ಪ

—

ವಡಾಲ
21-2-1988

ಅಪ್ಪನಿಗೆ,

ನಿಮ್ಮ ಕಾಗದ ಓದಿ ನನಗೂ ಮೊದಲು ನಗೆ ಬಂತು. ಆಮೇಲೆ ಬಂದದ್ದು ಸಿಟ್ಟಲ್ಲ. ಅದನ್ನು ಬರೆಯುವುದಿಲ್ಲ.

ನೀವು ಒಂದು ಮಾತು ಮೊದಲೇ ತಿಳಿಸಿದ್ದರೆ? ನನ್ನ ಸುಳ್ಳಿಗೆ ನಿಮ್ಮ ಸೊಂಟ ಬಗ್ಗಿಸಿ ಎಂದು ನಾನು ಯಾವಾಗ ಕೇಳಿದೆ? ಗುಂಡಿ ಹಾಕಿಕೊಳ್ಳಿ ಎಂದೆ, ನೀವು ಮರವನ್ನೇ ಬಿಚ್ಚಿ ಕೊಟ್ಟಿರಿ. ಅದೂ ಯಾರಿಗಾಗಿ? ಬೆಲ್ಲದ ನೀರು ಕುಡಿದು ವಾಲಿದವನಿಗಾಗಿ. ಮೈಲಿಗಟ್ಟಲೆ ದೂರದಿಂದ ಒಬ್ಬರಿಗೊಬ್ಬರು ತಿಳಿಯದೆ ನಾವಿಬ್ಬರೂ ಮಾಡಿದ ಮೂರ್ಖತನ ನೋಡಿದರೆ, ಹಂಡೆಯೊಳಗೆ ಕಿರುಚುವ ಸಾಹೇಬ ನಮಗಿಂತ ವಾಸಿ.

ಕೊಯ್ಲು ಮುಗಿಯಲಿ. ಆಮೇಲೆ ದೂಜನ ಮನೆಗೆ ಹೋಗಿ. ನಿಮಗೆ ಬಾಯಿ ಬಾರದಿದ್ದರೆ ನನ್ನ ಹೆಸರು ಹೇಳಿ. ಸೇವಂತಿ ಬೊಂಬಾಯಿಯಲ್ಲಿ ಎಲ್ಲರ ಮುಂದೆ ಅಪ್ಪ ಮೂರ್ತೆ ಮಾಡುತ್ತಾರೆ ಎಂದು ಹೇಳಿಬಿಟ್ಟಿದ್ದಾಳೆ, ಹುಡುಗಿಯ ಮಾತು ಉಳಿಸಬೇಕು, ಮರ ಕೊಡು ಎನ್ನಿ. ನಗಲಿ ಅವನು. ಒಂದು ದಿನ ನಗುತ್ತಾನೆ. ಎಲ್ಲ ಕೊಡದಿದ್ದರೆ ಅರ್ಧವನ್ನಾದರೂ ಇಸಕೊಳ್ಳಿ. ನಾಚಿಕೆಯೆಲ್ಲ ನನ್ನ ತಲೆಗೆ ಹಾಕಿ, ಇಲ್ಲಿ ಅದನ್ನು ನೋಡುವವರು ಯಾರೂ ಇಲ್ಲ. ಚಿಕ್ಕಮ್ಮ ನಿನ್ನೆಯಿಂದ ಮಾತಾಡುತ್ತಿದ್ದಾಳೆ, ಬೈಯಲಿಕ್ಕೆ. ಅದೂ ಒಳ್ಳೆಯದೇ.

ಇವತ್ತು ಬೆಳಿಗ್ಗೆ ಮೀನು ತರಲು ವಡಾಲ ಸ್ಟೇಷನ್ನಿನ ಸೇತುವೆ ದಾಟುತ್ತಿದ್ದೆ. ಲೋಕಲ್ ಆಗಷ್ಟೇ ಬಂದಿತ್ತು, ಜನ ಮೇಲೆ ಹತ್ತುತ್ತಿದ್ದರು. ಎದುರಿನಿಂದ ಚೆನ್ನಯ ಬಂದ, ಜೊತೆಗೆ ಆಫೀಸಿನ ಇಬ್ಬರು. ನನ್ನನ್ನು ಕಂಡ, ಕಾಣದವನ ಹಾಗೆ ಮುಖ ಮಾಡಿದ, ಆದರೆ ನಡಿಗೆ ನಿಲ್ಲಿಸಲಿಲ್ಲ. ನಾನು ಪಕ್ಕಕ್ಕೆ ಸರಿಯುತ್ತೇನೆ ಎಂದುಕೊಂಡ. ನಾನು ಯಾವಾಗಲೂ ಎಲ್ಲರಿಗೂ ಸರಿಯುವವಳೇ. ಇವತ್ತು ಸರಿಯಲಿಲ್ಲ. ಅವನೇ ಸರಿದ.

ಸೇವಂತಿ